ರಂಗಕಲೆಯ ಸಂಶೋಧನೆ ಮತ್ತು ಪ್ರೇಕ್ಷಕ

ಹಳಗನ್ನಡ ಕಾವ್ಯವನ್ನು ಶೋಧಿಸುವ ವಿದ್ವಾಂಸನ ಮುಂದೆ ಓಲೆಗರಿಯಾದರೂ ಇರುತ್ತದೆ. ರಂಗಕಲೆಯನ್ನು ಶೋಧಿಸುವವನಿಗೆ ಆ ಭಾಗ್ಯವಿಲ್ಲ. ಆಟ ಮುಗಿದು ಬೆಳಗಾದೊಡನೆ ಅವನ ಆಕರವೇ ಕರಗಿಹೋಗುತ್ತದೆ. ಉಳಿಯುವುದು ಕಲಾವಿದನ ಕಂಠದಲ್ಲಿ, ಕಾಲಿನ ಹೆಜ್ಜೆಯಲ್ಲಿ, ನೋಡಿದವರ ನೆನಪಿನಲ್ಲಿ ಮಾತ್ರ. ಇಂತಹ ಸಾಮಗ್ರಿಯಿಂದ ಪಡೆದ ತಿಳಿವಳಿಕೆಯು ವಿಶ್ವವಿದ್ಯಾನಿಲಯದ ಪ್ರಬಂಧವಾಗಿ ಕಪಾಟು ಸೇರಿದರೆ ಅದರ ಕೆಲಸ ಮುಗಿಯಿತೆಂದು ಹೇಳಬಹುದೆ?

ಯಕ್ಷಗಾನದ ಒಂದು ಉದಾಹರಣೆಯನ್ನು ನೋಡೋಣ. ಹಳೆಯ ಪ್ರಸಂಗಗಳ ಪ್ರತಿಗಳಲ್ಲಿ ಪ್ರತಿಯೊಂದು ಪದದ ತಲೆಯಲ್ಲೂ ರಾಗ ತಾಳಗಳ ಹೆಸರು ನಮೂದಾಗಿರುವುದು ವಾಡಿಕೆ. ಕೋರೆ, ಮೆಚ್ಚಾಳಿ ಮುಂತಾದ ಹೆಸರುಗಳನ್ನು ಅಲ್ಲಿ ಕಾಣುತ್ತೇವೆ. ಸಂಶೋಧಕನು ಅವುಗಳ ಪಟ್ಟಿಯನ್ನು ಸಿದ್ಧಪಡಿಸಬಲ್ಲ. ಆದರೆ ಭಾಗವತರೊಬ್ಬರು ಹಾಡಿ ತೋರಿಸುವವರೆಗೆ ಅದು ಬರಿಯ ನಾಮಾವಳಿ. ಹಾಡಿದಾಗ, ಅದನ್ನು ಕೇಳಿ ಬಲ್ಲ ಹಿರಿಯರೊಬ್ಬರು ಸಭೆಯಲ್ಲಿದ್ದು, “ನಮ್ಮ ಕಡೆ ಇದನ್ನು ಹೀಗೆ ಎತ್ತಿಕೊಳ್ಳುವುದಿಲ್ಲ” ಎಂದರೆ, ಸಂಶೋಧನೆಗೆ ಇನ್ನೊಬ್ಬ ಪರೀಕ್ಷಕ ದೊರೆತಂತಾಯಿತು. ತಾಳಮದ್ದಲೆಯಲ್ಲಿ ಅರ್ಥಧಾರಿಯ ಒಂದೊಂದು ಮಾತನ್ನೂ ತೂಗಿ ನೋಡುವ ಕರಾವಳಿಯ ಶ್ರೋತೃವರ್ಗವನ್ನು ಅಜ್ಞರೆಂದು ಎಣಿಸಲು ಯಾವ ವಿದ್ವಾಂಸನಿಗೂ ಅಧಿಕಾರವಿಲ್ಲ.

ಈ ಮಾರ್ಗದಲ್ಲಿ ಶಿವರಾಮ ಕಾರಂತರ ಸಾಹಸ ಗಮನಾರ್ಹವಾದುದು. ಅವರ ‘ಯಕ್ಷಗಾನ ಬಯಲಾಟ’ 1957ರಲ್ಲಿ ಪ್ರಕಟವಾಯಿತು. 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಕಾರಂತರು ಗ್ರಂಥರಚನೆಗೆ ತೃಪ್ತರಾಗದೆ ಮೇಳದ ಕಲಾವಿದರನ್ನು ಕೂಡಿಕೊಂಡು ರಂಗಕ್ಕೇ ಇಳಿದರು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರವು ಆರಂಭವಾದಾಗ, ಕಾಲೇಜಿನ ಆವರಣವೂ ಹಳ್ಳಿಯ ಗುರುಗಳ ಹೆಜ್ಜೆಗಾರಿಕೆಯೂ ಒಂದೆಡೆ ಸೇರಿದವು.

ಕಾರಂತರ ಪ್ರಯೋಗಗಳು ವಿವಾದಕ್ಕೂ ಎಡೆಮಾಡಿದವು. ಅವರು ಮಾತನ್ನು ಬಿಟ್ಟು ಕುಣಿತ ಹಾಡುಗಳಿಂದಲೇ ಕಥೆಯನ್ನು ನಡೆಸಿದರು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನುಗಳನ್ನು ತಂದರು. ಅರ್ಥಗಾರಿಕೆಯೇ ಯಕ್ಷಗಾನದ ಜೀವವೆಂದು ನಂಬಿದವರಿಗೆ ಇದು ಒಪ್ಪಿಗೆಯಾಗಲಿಲ್ಲ. ಈ ವಿವಾದವನ್ನು ನಾನು ನಷ್ಟವೆಂದು ಬಗೆಯುವುದಿಲ್ಲ. ಪಂಡಿತರ ನಾಲ್ಕು ಗೋಡೆಗಳ ನಡುವೆ ಮುಗಿಯಬಹುದಾಗಿದ್ದ ಚರ್ಚೆ ಜನರ ಕಣ್ಣೆದುರಿಗೆ ಬಂತು. ಪ್ರೇಕ್ಷಕನೂ ಅದರಲ್ಲಿ ಪಾಲುಗಾರನಾದ.

ಆದರೆ ಇದರಿಂದ ಒಂದು ನಿಯಮವನ್ನು ಕಲಿಯಬೇಕಾಗಿದೆ. ಸಂಶೋಧಕನು ರಂಗದಿಂದ ಮಾತನಾಡುವಾಗ, ಪರಂಪರೆಯಲ್ಲಿ ಕಂಡದ್ದು ಯಾವುದು, ತನ್ನ ಊಹೆ ಯಾವುದು, ತಾನು ಹೊಸದಾಗಿ ಸೇರಿಸಿದ್ದು ಯಾವುದು ಎಂಬುದನ್ನು ಬಿಡಿಸಿ ಹೇಳಬೇಕು. ಪುಸ್ತಕದ ಓದುಗ ಹಿಂದಿನ ಪುಟಕ್ಕೆ ಮರಳಿ ವಿಚಾರಿಸಬಲ್ಲ. ಪ್ರೇಕ್ಷಕನಿಗೆ ಆ ಅವಕಾಶವಿಲ್ಲ. ರಂಗದ ಮೇಲೆ ಚೆಂದವಾಗಿ ಕಂಡದ್ದೆಲ್ಲ ಹಳೆಯದೇ ಎಂದು ಅವನು ನಂಬಿಬಿಡುವ ಅಪಾಯವುಂಟು.

ಇದಕ್ಕೆ ಸೋದಾಹರಣ ಉಪನ್ಯಾಸವೇ ಉತ್ತಮ ಸಾಧನ. ಒಂದೇ ಪದವನ್ನು ಮೊದಲು ಏಕತಾಳದಲ್ಲಿ, ಅನಂತರ ಝಂಪೆಯಲ್ಲಿ ಹಾಡಿಸಿ, ಮದ್ದಲೆಯ ನಡೆಯೂ ಪಾತ್ರದ ಹೆಜ್ಜೆಯೂ ಹೇಗೆ ಬೇರೆಯಾಗುತ್ತವೆಂದು ತೋರಿಸಿದರೆ, ಪಾರಿಭಾಷಿಕ ಶಬ್ದಗಳ ಭಾರವಿಲ್ಲದೆಯೇ ವಿಷಯ ಮನದಟ್ಟಾಗುತ್ತದೆ. ಬಾನುಲಿಯೂ ಇಂತಹ ಸಾಧನವೇ. ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದುದನ್ನು ನೆನೆದರೆ, ಕಾಲೇಜಿನ ಕೋಣೆಗೂ ಊರಿನ ಮನೆಗೂ ನಡುವೆ ದಾರಿಯನ್ನು ನಿರ್ಮಿಸುವ ಕೆಲಸ ನಮ್ಮ ನಾಡಿಗೆ ಹೊಸತಲ್ಲವೆಂದು ತಿಳಿಯುತ್ತದೆ.

ಕೊನೆಯದಾಗಿ, ಇದು ಋಣದ ಪ್ರಶ್ನೆಯೂ ಹೌದು. ವೃದ್ಧ ಭಾಗವತರೊಬ್ಬರು ದಿನಗಟ್ಟಲೆ ಹಾಡಿ ಧ್ವನಿಮುದ್ರಣ ಮಾಡಿಸುತ್ತಾರೆ. ಅದರಿಂದ ಒಬ್ಬರಿಗೆ ಪದವಿ ದೊರೆಯುತ್ತದೆ. ಆ ಧ್ವನಿಮುದ್ರಣ ಭಾಗವತರ ಶಿಷ್ಯರಿಗೇ ಕೇಳಲು ಸಿಗದಿದ್ದರೆ, ಅವರ ಹೆಸರು ಮುನ್ನುಡಿಯ ಒಂದು ಸಾಲಿಗೆ ಮುಗಿದುಹೋದರೆ, ಆ ವಿದ್ಯೆ ಊರಿನಿಂದ ಹೊರಗೆ ಹೋಯಿತೇ ಹೊರತು ಬೆಳೆಯಲಿಲ್ಲ. ಯಾವ ಅಂಗಳದಲ್ಲಿ ಕುಳಿತು ಕೇಳಿ ಬರೆದುಕೊಂಡೆವೋ ಆ ಅಂಗಳಕ್ಕೆ ಮರಳಿ ಹೋಗಿ, ಬರೆದುದನ್ನು ಓದಿ ಹೇಳಿ, “ಇದು ಸರಿಯೆ?” ಎಂದು ಕೇಳುವಷ್ಟು ವಿನಯ ಸಂಶೋಧಕನಲ್ಲಿರಬೇಕು. ಅಲ್ಲಿ ದೊರೆಯುವ ಉತ್ತರವೂ ಸಂಶೋಧನೆಯ ಒಂದು ಅಧ್ಯಾಯವೇ.