ಹಳೆಯ ಬ್ರೇಕ್ ಕ್ಯಾಲಿಪರನ್ನು ತೊಳೆಯುವ ಬಗೆ

ಮೋಟಾರು ಗಾಡಿಯ ಬ್ರೇಕಿಗೆ ತುಂಬುವ ದ್ರವವನ್ನು ನಮ್ಮ ಗ್ಯಾರೇಜುಗಳಲ್ಲಿ 'ಬ್ರೇಕ್ ಆಯಿಲ್' ಎಂದು ಕರೆಯುವುದು ವಾಡಿಕೆ. ಈ ಹೆಸರಿನಿಂದ ಆಗಿರುವ ಅನರ್ಥ ಅಲ್ಪವಲ್ಲ. ಇಂದಿನ ಬಹುಪಾಲು ಕಾರುಗಳಲ್ಲಿ ಬಳಕೆಯಾಗುವ ಆ ದ್ರವವು ಎಣ್ಣೆಯೇ ಅಲ್ಲ. ಗ್ಲೈಕಾಲ್ ಈಥರ್ ವರ್ಗಕ್ಕೆ ಸೇರಿದ, ನೀರಿನೊಡನೆ ಸುಲಭವಾಗಿ ಬೆರೆಯುವ ರಾಸಾಯನಿಕಗಳ ಮಿಶ್ರಣ. ಅದನ್ನು ಎಣ್ಣೆಯೆಂದು ಬಗೆದವನು ಗುಜರಿ ಅಂಗಡಿಯಿಂದ ತಂದ ಕ್ಯಾಲಿಪರನ್ನು ನಿಶ್ಚಿಂತೆಯಿಂದ ಸೀಮೆಎಣ್ಣೆಯಲ್ಲಿಯೋ ಡೀಸೆಲಿನಲ್ಲಿಯೋ ಅದ್ದಿ ತೊಳೆಯುತ್ತಾನೆ. ಲೋಹವೇನೋ ಥಳಥಳಿಸುತ್ತದೆ, ಕೆಡುವುದು ಒಳಗಿನ ರಬ್ಬರು.

ಕ್ಯಾಲಿಪರೆಂದರೆ ಚಕ್ರದೊಡನೆ ತಿರುಗುವ ತಟ್ಟೆಯನ್ನು ಎರಡು ಬದಿಯಿಂದಲೂ ಅಮುಕಿ ಹಿಡಿಯುವ ಇಕ್ಕಳ. ಪೆಡಲನ್ನು ತುಳಿದಾಗ ದ್ರವದ ಒತ್ತಡವು ಇದರೊಳಗಿನ ಪಿಸ್ಟನ್ನನ್ನು ಮುಂದೂಡುತ್ತದೆ. ಪಿಸ್ಟನ್ನಿನ ಸುತ್ತ, ಗೋಡೆಯಲ್ಲಿ ಕೊರೆದ ಗಾಡಿಯೊಳಗೆ, ಚೌಕ ಅಡ್ಡಕೊಯ್ತದ ಒಂದು ರಬ್ಬರ್ ಉಂಗುರ ಕುಳಿತಿರುತ್ತದೆ. ದ್ರವ ಸೋರದಂತೆ ತಡೆಯುವುದು ಅದರ ಒಂದು ಕೆಲಸ. ಇನ್ನೊಂದು ಕೆಲಸ ಮತ್ತಷ್ಟು ಸ್ವಾರಸ್ಯವಾದುದು. ಪಿಸ್ಟನ್ ಮುಂದೆ ಸರಿದಾಗ ಉಂಗುರವೂ ಅದರೊಡನೆ ಬಾಗುತ್ತದೆ. ಒತ್ತಡ ಇಳಿದೊಡನೆ ನೆಟ್ಟಗಾಗಿ ಪಿಸ್ಟನ್ನನ್ನು ಮಿಲಿಮೀಟರಿನ ಒಂದಂಶದಷ್ಟು ಹಿಂದಕ್ಕೆ ಸೆಳೆಯುತ್ತದೆ. ಇದಕ್ಕೆ ಬೇರೆ ಸ್ಪ್ರಿಂಗಿಲ್ಲ; ರಬ್ಬರಿನ ಸ್ಥಿತಿಸ್ಥಾಪಕ ಗುಣವೇ ಸ್ಪ್ರಿಂಗು.

ಸೀಮೆಎಣ್ಣೆ, ಪೆಟ್ರೋಲುಗಳ ಅಣುಗಳು ಈ ರಬ್ಬರಿನ ಅಣುಗಳಿಗೆ ಗುಣದಲ್ಲಿ ಸಮೀಪದ ಬಂಧುಗಳು, ಎರಡೂ ಹೈಡ್ರೋಕಾರ್ಬನ್ನುಗಳೇ. ಆದುದರಿಂದ ರಬ್ಬರಿನ ಉದ್ದನೆಯ ಸರಪಳಿಗಳ ನಡುವೆ ಅವು ಸಲೀಸಾಗಿ ನುಗ್ಗುತ್ತವೆ. ಸರಪಳಿಗಳನ್ನು ಗಂಧಕವೇ ಮೊದಲಾದವು ಅಲ್ಲಲ್ಲಿ ಬೆಸೆದಿರುವುದರಿಂದ ರಬ್ಬರು ಕರಗಲಾರದು, ಉಬ್ಬುತ್ತದೆ. ಸಂದೇಹವಿದ್ದವರು ಸಾಮಾನ್ಯ ರಬ್ಬರ್ ಬ್ಯಾಂಡೊಂದನ್ನು ಒಂದು ದಿನ ಸೀಮೆಎಣ್ಣೆಯಲ್ಲಿ ನೆನೆಸಿ, ನೆನೆಸದ ಜೊತೆಗಾರನ ಪಕ್ಕದಲ್ಲಿಟ್ಟು ಅಳೆಯಲಿ. ಹೀಗೆ ಉಬ್ಬಿದ ಉಂಗುರ ಪಿಸ್ಟನ್ನನ್ನು ಬಿಗಿಹಿಡಿಯುತ್ತದೆ. ಬ್ರೇಕು ಬಿಟ್ಟರೂ ಬಿಡದು. ತಟ್ಟೆ ಕಾಯುತ್ತದೆ, ದ್ರವವೂ ಕಾಯುತ್ತದೆ.

ಹಾಗಾದರೆ ತೊಳೆಯುವುದು ಹೇಗೆ? ಹೊರಮೈಗೆ ಸಾಬೂನು ನೀರು ಸಾಕು. ಆದರೆ ಮೊದಲು ದ್ರವ ಬರುವ ರಂಧ್ರಗಳನ್ನು ಮುಚ್ಚಬೇಕು. ಒಣಧೂಳನ್ನು ಬ್ರಷ್ಷಿನಿಂದ ಕೊಡವುವುದಾಗಲಿ ಗಾಳಿಯಿಂದ ಊದುವುದಾಗಲಿ ಸಲ್ಲದು. ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇದ್ದಿರಬಹುದು. ಉಸಿರಿನೊಡನೆ ಹೊಕ್ಕ ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶದಲ್ಲಿ ನೆಲಸಿ, ಹಲವು ದಶಕಗಳ ತರುವಾಯ ಕ್ಯಾನ್ಸರಿಗೆ ಕಾರಣವಾಗಬಲ್ಲವು. ಒದ್ದೆಯಾದ ಧೂಳು ಹಾರದು.

ಮುಂದಿನದು ಪಿಸ್ಟನ್ನನ್ನು ಹೊರತೆಗೆಯುವ ಕೆಲಸ. ಕೈಗೆ ಪೆಟ್ಟು ಬೀಳುವುದು ಇಲ್ಲಿಯೇ. ಪಂಪಿನ ಗಾಳಿ ಬಿಟ್ಟು ಅದನ್ನು ಹಾರಿಸುವ ರೂಢಿಯುಂಟು. 54 ಮಿಲಿಮೀಟರ್ ವ್ಯಾಸದ ಪಿಸ್ಟನ್ನಿನ ಮುಖದ ವಿಸ್ತಾರ ಸುಮಾರು 23 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ 6 ಕಿಲೋಗ್ರಾಂ ಒತ್ತಡದ ಗಾಳಿ ಹೊಕ್ಕರೆ ಅದರ ಮೇಲಿನ ಬಲ 138 ಕಿಲೋಗ್ರಾಂ ತೂಕದಷ್ಟಾಗುತ್ತದೆ! ಅಡ್ಡ ಬಂದ ಬೆರಳಿನ ಗತಿಯನ್ನು ನಾವು ವರ್ಣಿಸಬೇಕಾಗಿಲ್ಲ. ದ್ರವಕ್ಕೂ ಅನಿಲಕ್ಕೂ ಇರುವ ಭೇದವನ್ನು ಇಲ್ಲಿ ನೆನೆಯಬೇಕು. ದ್ರವ ಹೆಚ್ಚುಕಡಿಮೆ ಕುಗ್ಗದ ವಸ್ತು; ಪಿಸ್ಟನ್ ಕೂದಲೆಳೆಯಷ್ಟು ಸರಿದರೂ ಅದರ ಒತ್ತಡ ಇಳಿದುಹೋಗುತ್ತದೆ. ಅದುಮಿದ ಗಾಳಿಯಾದರೋ ಹಿಗ್ಗುತ್ತ ಹಿಗ್ಗುತ್ತ ಬೆನ್ನಟ್ಟುತ್ತದೆ. ಆದುದರಿಂದ ಕ್ಯಾಲಿಪರನ್ನು ಬ್ರೇಕಿನ ಕೊಳವೆಗೆ ಜೋಡಿಸಿ, ಪೆಡಲನ್ನು ಮೆಲ್ಲಗೆ ತುಳಿದು ದ್ರವದಿಂದಲೇ ಹೊರದೂಡುವುದು ಲೇಸು. ಗಾಳಿಯೇ ಗತಿಯೆಂದಾದರೆ ಒತ್ತಡ ಬಹಳ ಕಡಮೆಯಿರಲಿ, ಪಿಸ್ಟನ್ನಿನ ಎದುರಿಗೆ ಮರದ ತುಂಡಿರಲಿ, ಕಣ್ಣಿಗೆ ಕನ್ನಡಕವಿರಲಿ.

ಒಳಗನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಬಹುದು. ಅದು ಶೇಷವುಳಿಸದೆ ಆರುತ್ತದೆ. ಹತ್ತಿಕೊಳ್ಳುವ ವಸ್ತುವಾದ್ದರಿಂದ ಬೆಂಕಿ ದೂರವಿರಬೇಕು. ಡಬ್ಬಿಯಲ್ಲಿ ಮಾರುವ ಕೆಲವು ಬ್ರೇಕ್ ಕ್ಲೀನರುಗಳು ಹೊತ್ತಿಕೊಳ್ಳುವುದಿಲ್ಲ. ಕ್ಲೋರಿನ್ ಸೇರಿದ ದ್ರಾವಕಗಳೇ ಅದಕ್ಕೆ ಕಾರಣ. ಅವು ಇನ್ನೊಂದು ಬಗೆಯಲ್ಲಿ ಅಪಾಯಕರ. ಒದ್ದೆ ಆರುವ ಮುನ್ನ ವೆಲ್ಡಿಂಗಿನ ಜ್ವಾಲೆ ತಾಕಿದರೆ ಫಾಸ್ಜೀನ್ ಅನಿಲ ಹುಟ್ಟಬಹುದು. ಒಂದನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಕೊಂದ ಅನಿಲವೇ ಅದು.

ನೀರಿನ ಪಸೆಯನ್ನು ಪೂರ್ತಿ ಆರಿಸಬೇಕು. ಡಾಟ್ 4 ದರ್ಜೆಯ ಹೊಸ ದ್ರವದ ಕುದಿಬಿಂದು 230 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿರಕೂಡದೆಂಬ ನಿಯಮವಿದೆ, ಶೇಕಡ 3.7ರಷ್ಟು ನೀರು ಬೆರೆತಾಗ ಆ ಮಿತಿ 155 ಡಿಗ್ರಿ ಮಾತ್ರ. ಕುದಿದು ಆವಿಯಾದರೆ ಪೆಡಲು ಬರಿಯ ಆವಿಯನ್ನು ಅದುಮುತ್ತ ನೆಲ ಮುಟ್ಟುತ್ತದೆ, ಗಾಡಿ ನಿಲ್ಲದು.

ಉಂಗುರದ ಗಾಡಿಯಲ್ಲಿ ಅಡಗಿದ ತುಕ್ಕನ್ನು ಮರೆಯದೆ ತೆಗೆಯಬೇಕು. ಅದು ಉಂಗುರವನ್ನು ಒಳಕ್ಕೆ ಒತ್ತಿ, ಸೀಮೆಎಣ್ಣೆಯಷ್ಟೇ ಕೇಡು ಮಾಡುತ್ತದೆ. ಪಿಸ್ಟನ್ನಿನ ಮೈಯಲ್ಲಿ ತುಕ್ಕು ಕೊರೆದ ಗುಳಿಗಳಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಹೊಸದು ಬೇಕು. ಹಳೆಯ ಉಂಗುರವನ್ನು ಮರಳಿ ಹಾಕುವ ಉಳಿತಾಯ ನಮಗೆ ಒಪ್ಪಿಗೆಯಿಲ್ಲ. ಹೊಸ ಉಂಗುರಕ್ಕೆ ಹೊಸ ಬ್ರೇಕ್ ದ್ರವವನ್ನೇ ಸವರಿ ಕೂರಿಸಬೇಕು, ಗ್ರೀಸನ್ನಲ್ಲ. ಗಾಳಿ ಬಿಡುವ ನಿಪ್ಪಲ್ಲು ಮೇಲ್ಗಡೆ ಇರುವಂತೆ ಕ್ಯಾಲಿಪರನ್ನು ಜೋಡಿಸಿ, ಒಳಗಿನ ಗಾಳಿಯನ್ನೆಲ್ಲ ಹೊರಡಿಸಿ, ಗಾಡಿ ಹೊರಡುವ ಮುನ್ನವೇ ಪೆಡಲು ಗಟ್ಟಿಯಾಗುವವರೆಗೆ ಹಲವು ಬಾರಿ ತುಳಿಯಬೇಕು.