ಕ್ಯಾಲಿಸ್ತೆನಿಕ್ಸ್‌ಗೆ ಕನ್ನಡದಲ್ಲಿ ಏನಂತಾರೆ?

ಹಾಸ್ಟೆಲ್ ಟೆರೇಸ್ ಮೇಲೆ ಪುಷ್‌ಅಪ್, ಪುಲ್‌ಅಪ್ ಹೊಡೆಯೋರನ್ನ ಕೇಳಿ ನೋಡಿ, 'ಕ್ಯಾಲಿಸ್ತೆನಿಕ್ಸ್ ಮಗಾ' ಅಂತಾರೆ. ಡಂಬೆಲ್ ಬೇಡ, ಮಷಿನ್ ಬೇಡ, ನಮ್ಮ ಮೈಭಾರವೇ ಸಾಕು. ಗ್ರೀಕ್‌ನಲ್ಲಿ 'ಕಲ್ಲೋಸ್' ಅಂದ್ರೆ ಚೆಲುವು, 'ಸ್ಥೆನೋಸ್' ಅಂದ್ರೆ ಬಲ. ಆದರೆ ಇವೆರಡನ್ನೂ ಸೇರಿಸಿ ವ್ಯಾಯಾಮಕ್ಕೆ ಹೆಸರಿಟ್ಟವರು ಹಳೇ ಗ್ರೀಕರಲ್ಲ, 19ನೇ ಶತಮಾನದ ಯುರೋಪಿನವರು. ಆಗ ಇದನ್ನು ಹೆಚ್ಚಾಗಿ ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದರು. ಅಮೆರಿಕದ ಕ್ಯಾಥರೀನ್ ಬೀಚರ್ 1856ರಲ್ಲಿ ಶಾಲೆ ಮತ್ತು ಮನೆಗಳಿಗಾಗಿ ಇದರ ಪುಸ್ತಕವನ್ನೇ ಬರೆದರು.

ಸರಿ, ನಮ್ಮಲ್ಲಿ? ಕೆಂಚಾರ್ಲಹಳ್ಳಿ, ಚಿಂತಾಮಣಿ ಕಡೆ ಕನ್ನಡ, ತೆಲುಗು ಎರಡೂ ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ಎರಡಕ್ಕೂ ಸೇರಿದ ಎರಡು ಪದಗಳು: ಸಾಮು, ಕಸರತ್ತು.

'ಸಾಮು' ಸಂಸ್ಕೃತದ 'ಶ್ರಮ'ದಿಂದ ಬಂದದ್ದು ಅನ್ನುತ್ತವೆ ನಿಘಂಟುಗಳು. ಇದಕ್ಕೆ ಹಳೆಯ ಸಾಕ್ಷಿಯೂ ಇದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಜಟ್ಟಿಗಳ ಅಭ್ಯಾಸಗಳ ಹೆಸರೇ ಭಾರಶ್ರಮ, ಸ್ತಂಭಶ್ರಮ. ಎರಡನೆಯದು ಕಂಬದ ಮೇಲಿನ ಸಾಮು, ನಮ್ಮ ಮಲ್ಲಕಂಬದ ಹಾಗೆ.

'ಕಸರತ್ತು' ಅರಬ್ಬಿಯಿಂದ ಪಾರ್ಸಿ, ಹಿಂದೂಸ್ತಾನಿ ದಾಟಿ ಬಂದ ಪದ. ಮೂಲದಲ್ಲಿ 'ಕಸ್ರತ್' ಅಂದ್ರೆ ಹೇರಳ, ಬಹಳ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡೋದು ಅಂತ ಅರ್ಥ ಹಿಗ್ಗಿತು. ಇದರಲ್ಲಿ ಒಳ್ಳೇ ಮೆಕ್ಯಾನಿಕ್ಸ್ ಇದೆ. ಪುಷ್‌ಅಪ್‌ನಲ್ಲಿ ಕೈಮೇಲೆ ಬೀಳೋದು ಮೈತೂಕದ ಸುಮಾರು ಮೂರನೇ ಎರಡು ಭಾಗ. ಜಿಮ್‌ನಲ್ಲಾದರೆ ಇನ್ನೊಂದು ಪ್ಲೇಟ್ ಏರಿಸಬಹುದು, ಮೈತೂಕ ಹಾಗೆ ಏರಲ್ಲ. ಸುಲಭದ ದಾರಿ ಎರಡು: ಕಾಲನ್ನು ಮೆಟ್ಟಿಲ ಮೇಲಿಟ್ಟು ಕೈಮೇಲಿನ ಭಾರ ಹೆಚ್ಚಿಸೋದು, ಇಲ್ಲಾ ಎಣಿಕೆ ಹೆಚ್ಚಿಸೋದು. ಗ್ರೀಕ್ ಪದ ಫಲ ಹೇಳಿದರೆ, ಸಾಮು ಬೆವರು ಹೇಳುತ್ತೆ, ಕಸರತ್ತು ವಿಧಾನ ಹೇಳುತ್ತೆ!

ಇವತ್ತು ಪೇಪರಿನಲ್ಲಿ ಕಸರತ್ತು ಅಂದ್ರೆ ಟಿಕೆಟ್‌ಗಾಗಿ ರಾಜಕಾರಣಿಗಳ ಓಡಾಟ. ಬಸ್ಕಿ ಅಂದ್ರೆ ಹೋಂವರ್ಕ್ ಮಾಡದವರಿಗೆ ಶಿಕ್ಷೆ. ಅದೇ ಬಸ್ಕಿ 'ಸ್ಕ್ವಾಟ್' ಆದ ಕೂಡಲೇ ತಿಂಗಳ ಫೀಸು ಕಟ್ಟಿ ಹೊಡೀತೀವಿ. ಪದಕ್ಕೆ ಅವಮಾನ ಅಂಟಿದರೆ ಅಭ್ಯಾಸವೂ ದೂರ ಆಗುತ್ತೆ.

ಹಾಗಾಗಬೇಕಿಲ್ಲ ಅನ್ನೋದಕ್ಕೆ ಕೆ.ವಿ. ಅಯ್ಯರ್ ಇದ್ದಾರೆ. ಹೆಸರಲ್ಲಿರೋ 'ಕೆ' ಅಂದ್ರೆ ಕೋಲಾರ. 2007ರವರೆಗೆ ಚಿಂತಾಮಣಿ ಇದ್ದದ್ದೂ ಅದೇ ಜಿಲ್ಲೆಯಲ್ಲೇ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸಿ, ಡಂಬೆಲ್ ಜೊತೆ ಸೂರ್ಯನಮಸ್ಕಾರವನ್ನೂ ಕಲಿಸಿದವರು. 'ಶಾಂತಲಾ', 'ರೂಪದರ್ಶಿ' ಕಾದಂಬರಿ ಬರೆದವರೂ ಅವರೇ. ಕನ್ನಡ, ಕಸರತ್ತು ಎರಡನ್ನೂ ಒಬ್ಬರೇ ಮಾಡಬಹುದು. ನಾಳೆ ಟೆರೇಸ್ ಮೇಲೆ ಯಾರಾದ್ರೂ 'ಏನ್ ಮಾಡ್ತಿದ್ದೀಯ?' ಅಂದ್ರೆ 'ಸಾಮು' ಅನ್ನಿ.