ಕಡಲಾಳದ ಕ್ಯಾಮೆರಾ: ಕವಚ ಯಾವುದು, ಬೆಳಕು ಎಷ್ಟು?

ಸಮುದ್ರದಲ್ಲಿ 20 ಮೀಟರ್ ಆಳಕ್ಕೆ ಇಳಿದ ಮುಳುಗುಗಾರನ ಬೆರಳಿಗೆ ಚೂಪು ಕಲ್ಲು ತಾಗಿ ಗಾಯವಾಯಿತೆನ್ನಿ. ಒಸರುವ ರಕ್ತ ಅಲ್ಲಿ ಕೆಂಪಗೆ ಕಾಣುವುದಿಲ್ಲ, ಕಡುಹಸಿರಾಗಿ ಕಾಣುತ್ತದೆ. ಅಷ್ಟು ಆಳಕ್ಕೆ ಸೂರ್ಯನ ಕೆಂಪು ಬೆಳಕು ತಲುಪುವುದೇ ಇಲ್ಲ. ಅದೇ ಬೆರಳಿನ ಮೇಲೆ ಟಾರ್ಚ್ ಬಿಟ್ಟರೆ ರಕ್ತ ತಕ್ಷಣ ಕೆಂಪಾಗುತ್ತದೆ!

ನೀರೊಳಗಿನ ಛಾಯಾಗ್ರಹಣದ ಮೊದಲ ಪಾಠ ಇದು. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡಿಬಂದ ಕಾಲೇಜು ಹುಡುಗ ಹುಡುಗಿಯರು ಈಗ ಬಹಳ ಮಂದಿ ಇದ್ದಾರೆ. ಅವರಲ್ಲಿ ಕೆಲವರಿಗೆ ಆ ಲೋಕವನ್ನು ಚಿತ್ರವಾಗಿ ಹಿಡಿದು ತರುವ ಆಸೆ ಹುಟ್ಟುತ್ತದೆ. ಮನೆಗೆ ಬಂದು ಅಪ್ಪನ ಮುಂದೆ ಪಟ್ಟಿ ಇಡುತ್ತಾರೆ: ಕ್ಯಾಮೆರಾ, ಅದಕ್ಕೊಂದು ಹೌಸಿಂಗ್, ಒಂದು ಸ್ಟ್ರೋಬ್. ಹೌಸಿಂಗ್ ಎಂದರೆ ನೀರು ಒಳಹೋಗದ ಕವಚ. ಸ್ಟ್ರೋಬ್ ಎಂದರೆ ನೀರೊಳಗೆ ಮಿಂಚುವ ಫ್ಲಾಷ್. ಕ್ಯಾಮೆರಾಕ್ಕಿಂತ ಕವಚವೇ ದುಬಾರಿ ಎಂದು ತಿಳಿದಾಗ ಅಪ್ಪನ ಹುಬ್ಬು ಮೇಲೇರುವುದು ಸಹಜ. ಹಣ ಹಾಕುವ ಮುನ್ನ ಅಪ್ಪ, ಮಗಳು ಇಬ್ಬರೂ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ.

ಪೀಪಾಯಿಯ ಮೇಲಿನ ದೀಪ

ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬೂತಾನ್ 1893ರಲ್ಲಿ ಬನ್ಯೂಲ್ಸ್ ಎಂಬ ಕಡಲೂರಿನಲ್ಲಿ ನೀರೊಳಗೆ ಚಿತ್ರ ತೆಗೆಯಲು ಹೊರಟಾಗ ಕ್ಯಾಮೆರಾ ಕವಚವನ್ನು ರೂಪಿಸಲು ನೆರವಾದವರು ಎಂಜಿನಿಯರ್ ಆಗಿದ್ದ ಅವರ ಸೋದರ. ಬೆಳಕು ಎಷ್ಟು ಕಡಿಮೆಯಿತ್ತೆಂದರೆ ಒಂದು ಚಿತ್ರಕ್ಕೆ ಅರ್ಧ ಗಂಟೆಯವರೆಗೂ ಕ್ಯಾಮೆರಾ ಕಣ್ಣು ತೆರೆದಿರಬೇಕಾಗುತ್ತಿತ್ತು. ಅದಕ್ಕಾಗಿ ಆಮ್ಲಜನಕ ತುಂಬಿದ ಪೀಪಾಯಿಯ ಮೇಲೆ ಸ್ಪಿರಿಟ್ ದೀಪ ಕೂರಿಸಿ, ಅದರ ಜ್ವಾಲೆಗೆ ಮೆಗ್ನೀಷಿಯಂ ಪುಡಿ ಊದಿ ಬೆಳಕು ಮಾಡುವ ಪ್ರಯೋಗವೂ ನಡೆಯಿತು.

1926ರಲ್ಲಿ ಅಮೆರಿಕದ ಫ್ಲಾರಿಡಾ ಬಳಿ ಮತ್ಸ್ಯವಿಜ್ಞಾನಿ ವಿಲಿಯಂ ಲಾಂಗ್ಲಿ ಮತ್ತು ಛಾಯಾಗ್ರಾಹಕ ಚಾರ್ಲ್ಸ್ ಮಾರ್ಟಿನ್ ನೀರೊಳಗಿನ ಮೊದಲ ವರ್ಣಚಿತ್ರಗಳನ್ನು ತೆಗೆದರು. ತೆಪ್ಪದ ಮೇಲೆ ಮೆಗ್ನೀಷಿಯಂ ಪುಡಿ ಸಿಡಿಸಿ ಬೆಳಕು ಪಡೆಯುವ ಈ ಕೆಲಸದಲ್ಲಿ ಪುಡಿ ಅಕಾಲದಲ್ಲಿ ಸಿಡಿದು ಲಾಂಗ್ಲಿ ಸುಟ್ಟಗಾಯಗಳನ್ನೂ ಅನುಭವಿಸಿದರು. ಆ ಚಿತ್ರಗಳು 1927ರ ಜನವರಿಯ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಪ್ರಕಟವಾದವು.

ಈ ಅಪಾಯಗಳನ್ನು ತಪ್ಪಿಸಿದ್ದು ಎಲೆಕ್ಟ್ರಾನಿಕ್ ಫ್ಲಾಷ್. ಅದನ್ನು ಬೆಳೆಸಿದ ಎಂ.ಐ.ಟಿ.ಯ ಪ್ರೊಫೆಸರ್ ಹೆರಾಲ್ಡ್ ಎಜರ್ಟನ್ 1950ರ ದಶಕದಲ್ಲಿ ಕೂಸ್ತೋ ಅವರ ಹಡಗಿನಲ್ಲೂ ಕೆಲಸ ಮಾಡಿದರು. ಹಡಗಿನವರು ಅವರಿಗೆ ಇಟ್ಟ ಅಡ್ಡಹೆಸರು 'ಪಾಪಾ ಫ್ಲಾಷ್'! ಕೂಸ್ತೋ ಬಳಗದ ಕ್ಯಾಲಿಪ್ಸೊ ಕ್ಯಾಮೆರಾವನ್ನು ನಿಕಾನ್ ಕಂಪೆನಿ 1963ರಲ್ಲಿ 'ನಿಕಾನೋಸ್' ಎಂಬ ಹೆಸರಿನಲ್ಲಿ ತಂದಿತು. ಅದಕ್ಕೆ ಬೇರೆ ಕವಚವೇ ಬೇಕಿರಲಿಲ್ಲ. 2001ರಲ್ಲಿ ಅದರ ತಯಾರಿಕೆ ನಿಂತಿತು. ಡಿಜಿಟಲ್ ಕ್ಯಾಮೆರಾಗಳ ಈ ಕಾಲದಲ್ಲಿ ಗಂಭೀರವಾಗಿ ಚಿತ್ರ ತೆಗೆಯುವವರಿಗೆ ಕವಚವೇ ಗತಿ.

ಅರ್ಧ ಟನ್ ಭಾರ

ಕವಚದ ಕೆಲಸ ಎಷ್ಟು ಕಠಿಣವೆಂದು ತಿಳಿಯಲು ಹೈಸ್ಕೂಲಿನ ಲೆಕ್ಕ ಸಾಕು. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋ ಒತ್ತಡ ಹೆಚ್ಚುತ್ತದೆ. 30 ಮೀಟರ್ ಆಳದಲ್ಲಿ ಅದು ಮೂರು ಕಿಲೋ. ಕವಚದ ಹಿಂಬಾಗಿಲು 15 ಸೆಂ.ಮೀ. ಉದ್ದ, 12 ಸೆಂ.ಮೀ. ಅಗಲವಿದ್ದರೆ ಅದರ ವಿಸ್ತೀರ್ಣ 180 ಚದರ ಸೆಂ.ಮೀ. ಅಂದರೆ ಆ ಪುಟ್ಟ ಬಾಗಿಲಿನ ಮೇಲೆ 540 ಕಿಲೋ, ಅರ್ಧ ಟನ್ನಿಗೂ ಹೆಚ್ಚು ಭಾರ!

ಇಷ್ಟನ್ನು ತಡೆದು ನೀರನ್ನು ಹೊರಗಿಡುವುದು ಓ-ರಿಂಗ್ ಎಂಬ ರಬ್ಬರ್ ಬಳೆ. ಕುಕ್ಕರಿನ ಗ್ಯಾಸ್ಕೆಟ್ಟಿನ ತಂಗಿ ಎನ್ನಿ. ಆಳಕ್ಕೆ ಹೋದಂತೆ ನೀರೇ ಬಾಗಿಲನ್ನು ಬಿಗಿಯಾಗಿ ಅದುಮುತ್ತದೆ. ಆದ್ದರಿಂದ ಸೋರಿಕೆ ಹೆಚ್ಚಾಗಿ ಆಗುವುದು ನೀರಿಗಿಳಿದ ಮೊದಲ ಕೆಲವು ಮೀಟರ್‌ಗಳಲ್ಲೇ. ಬಳೆಯ ಮೇಲೆ ಸಿಕ್ಕಿಕೊಂಡ ಒಂದು ತಲೆಕೂದಲು, ಒಂದು ಮರಳಿನ ಕಣ ಸಾಕು, ಉಪ್ಪುನೀರು ಒಳನುಗ್ಗಿ ಕ್ಯಾಮೆರಾ ಕೈಬಿಟ್ಟಂತೆಯೇ.

ಪ್ಲಾಸ್ಟಿಕ್ಕೋ, ಅಲ್ಯುಮಿನಿಯಮ್ಮೋ?

ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ಅಗ್ಗ, ಹಗುರ. ಪಾರದರ್ಶಕವಾಗಿದ್ದರೆ ಒಳಗೆ ಒಂದು ಹನಿ ನೀರು ಬಂದರೂ ಕಣ್ಣಿಗೆ ಬೀಳುತ್ತದೆ. ಆದರೆ ಪ್ಲಾಸ್ಟಿಕ್ ಶಾಖವನ್ನು ಬೇಗ ಬಿಟ್ಟುಕೊಡದ ಕಾರಣ ಒಳಗಿನ ತೇವ ಗಾಜಿನ ಮೇಲೆ ಮಂಜಿನಂತೆ ಕೂರುವುದುಂಟು. ಸಿಲಿಕಾ ಜೆಲ್ಲಿನ ಪುಟ್ಟ ಪೊಟ್ಟಣವನ್ನು ಒಳಗಿಡುವುದು ಇದಕ್ಕಾಗಿಯೇ. ಅಲ್ಯುಮಿನಿಯಂ ಕವಚ ಬಹುಕಾಲ ಬಾಳುತ್ತದೆ, ಗುಂಡಿಗಳು ನಯವಾಗಿ ಕೆಲಸ ಮಾಡುತ್ತವೆ. ಬೆಲೆ ಮಾತ್ರ ಹಲವು ಪಟ್ಟು. ವಿನೋದಕ್ಕಾಗಿ ಮುಳುಗುವವರ ಗರಿಷ್ಠ ಮಿತಿಯೇ 40 ಮೀಟರ್. ಅಷ್ಟು ಆಳಕ್ಕೆ ಒಳ್ಳೆಯ ಪ್ಲಾಸ್ಟಿಕ್ ಕವಚ ಸಾಲುತ್ತದೆ.

ಇಲ್ಲೊಂದು ಎಚ್ಚರಿಕೆ. ಹೆಚ್ಚಿನ ಕವಚಗಳು ಒಂದೇ ಮಾದರಿಯ ಕ್ಯಾಮೆರಾಕ್ಕೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ. ಕ್ಯಾಮೆರಾ ಕೆಟ್ಟು, ಆ ಮಾದರಿ ಅಂಗಡಿಯಿಂದ ಮಾಯವಾದರೆ ಕವಚ ಕಪಾಟಿನ ಅಲಂಕಾರವಾಗುತ್ತದೆ. ಆದ್ದರಿಂದ 'ಯಾವ ಕ್ಯಾಮೆರಾ ಚೆನ್ನ?' ಎಂದು ಕೇಳುವುದರ ಜೊತೆಗೆ 'ಯಾವ ಕ್ಯಾಮೆರಾಕ್ಕೆ ಕೈಗೆಟಕುವ ಕವಚ, ಬಿಡಿ ಓ-ರಿಂಗ್ ಎರಡೂ ಸಿಗುತ್ತವೆ?' ಎಂದೂ ಕೇಳಬೇಕು. ಮನೆಯಲ್ಲಿ ಈಗಾಗಲೇ ಒಳ್ಳೆಯ ಪುಟ್ಟ ಕ್ಯಾಮೆರಾ ಇದ್ದು, ಅದಕ್ಕೆ ಕವಚ ಸಿಗುವುದಾದರೆ ಹೊಸದನ್ನು ಕೊಳ್ಳಬೇಕಾಗಿಲ್ಲ. ಮೊಬೈಲ್ ಫೋನಿಗೂ ಕವಚಗಳು ಬಂದಿವೆ. 'ವಾಟರ್‌ಪ್ರೂಫ್' ಎಂದು ಬರೆದ ಮಾತ್ರಕ್ಕೆ ಫೋನನ್ನಾಗಲಿ, ಕ್ಯಾಮೆರಾವನ್ನಾಗಲಿ ಬರಿಗೈಯಲ್ಲಿ ಆಳಕ್ಕೆ ಒಯ್ಯಬಾರದು. ಎಷ್ಟು ಮೀಟರಿಗೆ ಎಂಬ ಅಂಕಿಯನ್ನು ನೋಡಬೇಕು.

ಚಪ್ಪಟೆ ಗಾಜು, ಗುಮ್ಮಟ ಗಾಜು

ಲೆನ್ಸಿನ ಮುಂದಿನ ಗಾಜಿಗೆ ಪೋರ್ಟ್ ಎನ್ನುತ್ತಾರೆ. ನೀರಿನ ವಕ್ರೀಭವನ ಸೂಚ್ಯಂಕ 1.33 ಎಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡಿರುತ್ತಾರೆ. ಅದರ ಪರಿಣಾಮವನ್ನು ಇಲ್ಲಿ ಕಣ್ಣಾರೆ ನೋಡಬಹುದು. ಚಪ್ಪಟೆ ಗಾಜಿನ ಮೂಲಕ ಒಂದು ಮೀಟರ್ ದೂರದ ಮೀನು 75 ಸೆಂ.ಮೀ. ದೂರದಲ್ಲಿದ್ದಂತೆ, ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತದೆ. ಚಿಕ್ಕ ಜೀವಿಗಳನ್ನು ಹತ್ತಿರದಿಂದ ತೆಗೆಯುವವರಿಗೆ ಇದು ಲಾಭ. ಆದರೆ ವಿಶಾಲ ದೃಶ್ಯಕ್ಕೆಂದು ಕೊಂಡ ವೈಡ್ ಲೆನ್ಸ್ ಇದರಿಂದ ಕಿರಿದಾಗಿಬಿಡುತ್ತದೆ.

ಅಂಥವರಿಗೆ ಗುಮ್ಮಟದಾಕಾರದ ಪೋರ್ಟ್ ಬೇಕು. ಲೆನ್ಸಿನ ಕೋನವನ್ನು ಅದು ಉಳಿಸಿಕೊಡುತ್ತದೆ. ಇನ್ನೊಂದು ಚಮತ್ಕಾರವನ್ನೂ ಮಾಡುತ್ತದೆ. 20 ಸೆಂ.ಮೀ. ವ್ಯಾಸದ ಗುಮ್ಮಟವಾದರೆ ಅನಂತ ದೂರದ ವಸ್ತುವಿನ ಬಿಂಬವೂ ಗಾಜಿನಿಂದ ಸುಮಾರು 30 ಸೆಂ.ಮೀ. ಮುಂದೆಯೇ ನಿಲ್ಲುತ್ತದೆ! ಹತ್ತಿರಕ್ಕೆ ಫೋಕಸ್ ಆಗದ ಲೆನ್ಸಿಗೆ ಗುಮ್ಮಟ ಕಟ್ಟಿದರೆ ಚಿತ್ರವೆಲ್ಲ ಮಸುಕು. ಕೊಳ್ಳುವ ಮುನ್ನ ಲೆನ್ಸಿನ ಕನಿಷ್ಠ ಫೋಕಸ್ ದೂರವನ್ನು ನೋಡಬೇಕು.

ಬೆಳಕು ಬದಿಯಿಂದ ಬರಲಿ

ನೀರು ಮೊದಲು ನುಂಗುವುದು ಕೆಂಪನ್ನು, ಆಮೇಲೆ ಕಿತ್ತಳೆ, ಹಳದಿ. ಐದಾರು ಮೀಟರಿಗೇ ಕೆಂಪು ಬಹುಪಾಲು ಹೋಗಿರುತ್ತದೆ. ಈ ನಷ್ಟ ಆಳದ ಲೆಕ್ಕ ಮಾತ್ರವಲ್ಲ, ಬೆಳಕು ನೀರಿನಲ್ಲಿ ಸಾಗಿದ ಒಟ್ಟು ದಾರಿಯ ಲೆಕ್ಕ. ಸ್ಟ್ರೋಬಿನ ಬೆಳಕು ಮೀನಿನವರೆಗೆ ಹೋಗಬೇಕು, ಮರಳಿ ಕ್ಯಾಮೆರಾಕ್ಕೆ ಬರಬೇಕು. ಮೀನು ಒಂದು ಮೀಟರ್ ದೂರದಲ್ಲಿದ್ದರೆ ದಾರಿ ಎರಡು ಮೀಟರ್. ಮೂರು ಮೀಟರ್ ದೂರದಲ್ಲಿದ್ದರೆ ಆರು. ಹಾಗಾಗಿ ಎಷ್ಟೇ ಶಕ್ತಿಯ ಸ್ಟ್ರೋಬ್ ಕೊಂಡರೂ ಬಣ್ಣ ನಿಲ್ಲುವುದು ಒಂದು, ಒಂದೂವರೆ ಮೀಟರಿನವರೆಗೆ ಮಾತ್ರ. ಹಣಕ್ಕಿಂತ ಹತ್ತಿರ ಹೋಗುವ ಜಾಣ್ಮೆಯೇ ಇಲ್ಲಿ ಹೆಚ್ಚು ಫಲ ಕೊಡುತ್ತದೆ.

ಆಗುಂಬೆ ಘಾಟಿಯ ಮಂಜಿನಲ್ಲಿ ಕಾರಿನ ದೀಪವನ್ನು ಎತ್ತರಿಸಿ ಹಾಕಿದರೆ ಏನಾಗುತ್ತದೆ? ರಸ್ತೆ ಕಾಣದೆ ಬಿಳಿ ಪರದೆಯೊಂದೇ ಕಾಣುತ್ತದೆ. ಕ್ಯಾಮೆರಾದೊಳಗಿನ ಫ್ಲಾಷ್ ನೀರಿನಲ್ಲಿ ಮಾಡುವುದೂ ಇದನ್ನೇ. ತೇಲುವ ಕಣಗಳಿಗೆ ಬೆಳಕು ನೇರ ಬಡಿದು, ಚಿತ್ರದ ತುಂಬ ಬಿಳಿ ಚುಕ್ಕೆ ಸುರಿಯುತ್ತದೆ. ಅದಕ್ಕೇ ಸ್ಟ್ರೋಬನ್ನು ಮಡಚುವ ತೋಳಿನ ತುದಿಗೆ ಸಿಕ್ಕಿಸಿ, ಕ್ಯಾಮೆರಾದಿಂದ ದೂರ, ಪಕ್ಕದಲ್ಲಿ ಹಿಡಿಯುತ್ತಾರೆ. ಕಲಿಯುವವರಿಗೆ ಒಂದು ಸ್ಟ್ರೋಬ್, ಒಂದು ಒಳ್ಳೆಯ ತೋಳು ಸಾಕು. ಎರಡನೆಯದು ವಿಶಾಲ ದೃಶ್ಯಗಳ ಹುಚ್ಚು ಹಿಡಿದ ಮೇಲೆ.

ಸ್ಟ್ರೋಬಿಗೆ ಕ್ಯಾಮೆರಾದ ಅಪ್ಪಣೆ ಎರಡು ದಾರಿಯಲ್ಲಿ ತಲುಪುತ್ತದೆ. ವಿದ್ಯುತ್ ತಂತಿಯಾದರೆ ಕವಚದಲ್ಲಿ ಅದಕ್ಕೊಂದು ರಂಧ್ರ ಬೇಕು. ಸೋರುವ ಜಾಗ ಒಂದು ಹೆಚ್ಚಿತು. ಫೈಬರ್ ಆಪ್ಟಿಕ್ ಎಳೆಯಾದರೆ ಕವಚದೊಳಗಿನ ಫ್ಲಾಷಿನ ಬೆಳಕನ್ನು ಹೊರಗಿನಿಂದಲೇ ಹಿಡಿದು ಒಯ್ಯುತ್ತದೆ. ಹೊಸಬರಿಗೆ ಇದೇ ವಾಸಿ. ಆದರೆ ಒಳಗೆ ಫ್ಲಾಷೇ ಇಲ್ಲದ ಕ್ಯಾಮೆರಾಗಳೂ ಇವೆ. ಅವುಗಳಿಗೆ ಬೇರೆ ಟ್ರಿಗರ್ ಕೊಳ್ಳಬೇಕಾಗುತ್ತದೆ. ವಿಡಿಯೋ ಮಾತ್ರ ಸಾಕೆನ್ನುವವರಿಗೆ ಸ್ಟ್ರೋಬ್ ಉಪಯೋಗವಿಲ್ಲ, ಅವರಿಗೆ ಸತತ ಉರಿಯುವ ದೀಪ ಬೇಕು.

ಪೋಷಕರ ಪಾಲಿನ ಪ್ರಶ್ನೆ

ಇಷ್ಟೆಲ್ಲ ಹೇಳಿದ ಮೇಲೆ ಮುಖ್ಯ ಮಾತು ಉಳಿದಿದೆ. ಕ್ಯಾಮೆರಾ ಹಿಡಿದವನ ಗಮನವೆಲ್ಲ ಪುಟ್ಟ ಪರದೆಯೊಳಗೆ ಇರುತ್ತದೆ. ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ, ಎಷ್ಟು ಆಳಕ್ಕೆ ಬಂದೆ, ಜೊತೆಗಾರ ಎಲ್ಲಿದ್ದಾನೆ ಎಂಬ ಮೂರೂ ಸಂಗತಿಗಳನ್ನು ಮರೆಯುವುದು ಆಗಲೇ. ಇವುಗಳಲ್ಲಿ ಯಾವುದನ್ನು ಮರೆತರೂ ಪ್ರಾಣಕ್ಕೇ ಕುತ್ತು. ಪ್ರಸಿದ್ಧ ತರಬೇತಿ ಸಂಸ್ಥೆ ಪಾಡಿ ಹತ್ತು ವರ್ಷದಿಂದ ಕಿರಿಯರ ಕೋರ್ಸಿಗೂ, ಹದಿನೈದರಿಂದ ಪೂರ್ಣ ಕೋರ್ಸಿಗೂ ಸೇರಿಸಿಕೊಳ್ಳುತ್ತದೆ. ಆದರೆ ಸರ್ಟಿಫಿಕೇಟ್ ಬಂದ ಮರುದಿನವೇ ಕೈಗೆ ಕ್ಯಾಮೆರಾ ಕೊಡುವುದು ತರವಲ್ಲ. ಕೈಕಾಲು ಬಡಿಯದೆ ನೀರಿನ ನಡುವೆ ನಿಶ್ಚಲವಾಗಿ ತೇಲಲು ಬರುತ್ತದೆಯೇ? ಬರುತ್ತದೆ ಎಂದು ಕಲಿಸಿದವರು ಹೇಳಬೇಕು.

ಇದು ಹವಳಗಳ ಪ್ರಶ್ನೆಯೂ ಹೌದು. ತೇಲಲು ಬಾರದವನು ಚಿತ್ರಕ್ಕಾಗಿ ಹವಳವನ್ನು ಆತುಕೊಳ್ಳುತ್ತಾನೆ, ಇಲ್ಲವೇ ಕಾಲಿನ ರೆಕ್ಕೆಯಿಂದ ಒದೆಯುತ್ತಾನೆ. ವರ್ಷಗಟ್ಟಲೆ ಬೆಳೆದದ್ದು ಕ್ಷಣದಲ್ಲಿ ಮುರಿಯುತ್ತದೆ. ಹವಳ, ಕಡಲಕುದುರೆಗಳಿಗೆ ನಮ್ಮ ವನ್ಯಜೀವಿ ಕಾಯ್ದೆ 2001ರಿಂದ ರಕ್ಷಣೆ ಕೊಟ್ಟಿದೆ.

ಈ ಕೌಶಲ ಬರಿಯ ಹವ್ಯಾಸವಾಗಿ ಉಳಿಯಬೇಕೆಂದೂ ಇಲ್ಲ. ದ್ವಾರಕೆಯ ಕಡಲಲ್ಲಿ 1980ರ ದಶಕದಲ್ಲಿ ಶೋಧ ನಡೆಸಿದ ಪುರಾತತ್ವಜ್ಞ ಎಸ್.ಆರ್. ರಾವ್ ಅವರ ತಂಡಕ್ಕೆ ಕ್ಯಾಮೆರಾ ಹಿಡಿದು ಮುಳುಗಬಲ್ಲವರು ಬೇಕಿದ್ದರು. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಂಥ ಕಡೆ ಕಡಲಜೀವಿಗಳನ್ನು ಅಭ್ಯಸಿಸುವವರಿಗೂ, ಹಡಗು, ಸೇತುವೆಗಳ ತಳ ಪರೀಕ್ಷಿಸುವವರಿಗೂ ನೀರೊಳಗಿನ ಚಿತ್ರ ಬೇಕೇ ಬೇಕು.

ಹಾಗಾದರೆ ಹಣ ಹಾಕುವ ಕ್ರಮ ಯಾವುದು? ಮೊದಲು ತರಬೇತಿಗೆ. ನಂತರ ಕವಚಕ್ಕೆ, ಮೂರನೆಯದು ಸ್ಟ್ರೋಬಿಗೆ. ಹೆಚ್ಚಿನ ಲೆನ್ಸುಗಳು ಕಟ್ಟಕಡೆಗೆ. ಹೊಸ ಕವಚವನ್ನು ಮೊದಲ ಸಲ ಕ್ಯಾಮೆರಾ ಇಲ್ಲದೆ ಖಾಲಿಯಾಗಿಯೇ ಮುಳುಗಿಸಿ ನೋಡಬೇಕು. ಪ್ರತಿ ಸಲವೂ ಓ-ರಿಂಗನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ, ತಯಾರಕರು ಹೇಳಿದ ಗ್ರೀಸನ್ನು ತೆಳ್ಳಗೆ ಸವರಬೇಕು. ಕಡಲಿನಿಂದ ಮೇಲೆ ಬಂದ ಕೂಡಲೇ ಬಾಗಿಲು ತೆರೆಯದೆ ಇಡೀ ಕವಚವನ್ನು ಸಿಹಿನೀರಿನ ಬಕೆಟ್ಟಿನಲ್ಲಿ ನೆನೆಸಿಡಬೇಕು. ಉಪ್ಪು ಒಣಗಿ ಗುಂಡಿಗಳಲ್ಲಿ ಹರಳುಗಟ್ಟಿದರೆ ಮುಂದಿನ ಸಲ ಅಲ್ಲಿಂದಲೇ ನೀರು ನುಗ್ಗಬಹುದು. ಈ ಶಿಸ್ತಿಗೆ ಒಪ್ಪುವ ಮಗಳಿಗೋ ಮಗನಿಗೋ ಕವಚ ಕೊಡಿಸಲು ಹಿಂಜರಿಯಬೇಕಾಗಿಲ್ಲ.